ಕುರಿ ನೋಟೀಸಿನ ತಲೆ ಹೊತ್ತ ಅರ್ಜಿ

ಮೊನ್ನೆ ತಂಗಿಯ ಮಗಳು ಸವಿತಾಳ ಅಂಗಡಿಗೆ ಹೋಗಿದ್ದೆ. ಗೋಳಗುಮ್ಮಟದ ಹತ್ತಿರದ ಓಣಿಯಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಅರ್ಜಿ, ಕರಾರುಪತ್ರ ಮಾಡಿಕೊಡುತ್ತಾಳೆ. ಹೊಸ್ತಿಲು ದಾಟುವಷ್ಟರಲ್ಲಿ ಮೂಗಿಗೆ ಒಂದು ಘಾಟು ಬಡಿಯಿತು. ಅದು ಅವಳು ಉಗುರಿಗೆ ಹಚ್ಚಿಕೊಳ್ಳುತ್ತಿದ್ದ ಕೆಂಪು ಬಣ್ಣದ್ದು.

"ಕೆಲಸಾ ಬಿಟ್ಟು ಉಗುರಿಗೆ ಬಣ್ಣಾ ಹಚಗೋತ ಕುಂತೀ ಏನ?" ಅಂದೆ.

"ಕೆಲಸಾ ಐತಿ ದೊಡ್ಡವ್ವ, ಫೈಲ ತೆರೀವಲ್ದು. ಬಬಲೇಶ್ವರದಾಗ ಹೊಡದು ಸಿ.ಡಿ. ಒಳಗ ಕಳಿಸ್ಯಾರ. ನೋಡಿಲ್ಲೆ, ಬರೇ ಚೌಕಾ ಚೌಕಾ. ಅವರ ಕಂಪ್ಯೂಟರ್ ಬ್ಯಾರೆ, ನಮ್ದು ಬ್ಯಾರೆ. ಒಂದಕ್ಕೊಂದು ಹೊಂದವಲ್ದು."

ನಾನು ಪರದೆ ನೋಡಲಿಲ್ಲ. ಅವಳ ಕೈಯೊಳಗಿನ ಸಣ್ಣ ಶೀಶೆ, ಅದರ ಮುಚ್ಚಳಕ್ಕೇ ಅಂಟಿದ ಕುಂಚ, ಆ ಘಾಟು ಇಷ್ಟೇ ಸಾಕಾಯಿತು. ಅದರ ಮೇಲೆ ಬಬಲೇಶ್ವರ ಅನ್ನುವ ಹೆಸರು, 'ಹೊಂದವಲ್ದು' ಅನ್ನುವ ಮಾತು. ಎಪ್ಪತ್ತರ ದಶಕದ ಒಂದು ಎಳ್ಳಮಾಸಿ, ಎಳ್ಳ ಅಮಾವಾಸ್ಯೆ, ನನ್ನ ಕಣ್ಣ ಮುಂದೆ ಬಂದು ನಿಂತಿತು.

ಆಗ ನನಗೆ ಇಪ್ಪತ್ತೊಂದು ವರ್ಷ. ತಿಕೋಟಾದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಎರಡು ಖೋಲಿ, ಮುಂದೊಂದು ಕಲ್ಲಿನ ಕಟ್ಟೆ, ಕಟ್ಟೆಗೆ ನೆರಳಾಗಿ ಬೇವಿನ ಗಿಡ. ಇದ್ದದ್ದು ಒಂದು ಕನ್ನಡ ಟೈಪರೈಟರ್, ಒಂದು ಸೈಕ್ಲೋಸ್ಟೈಲ್ ಯಂತ್ರ, ಹೆಡ್ ಕ್ಲಾರ್ಕ್ ಬಸಲಿಂಗಪ್ಪನವರು, ಮತ್ತು ನಾನು. ಈಗಿನ ಮಂದಿಗೆ ಸೈಕ್ಲೋಸ್ಟೈಲ್ ಗೊತ್ತಿಲ್ಲ. ಮೇಣ ಸವರಿದ ತೆಳ್ಳನ್ನ ಹಾಳೆ, ಅದಕ್ಕೆ ಸ್ಟೆನ್ಸಿಲ್ ಅನ್ನುತ್ತಿದ್ದೆವು. ಟೈಪರೈಟರಿನ ರಿಬ್ಬನ್ ಸರಿಸಿ ಅದರ ಮೇಲೆ ಹೊಡೆದರೆ ಅಕ್ಷರದ ಆಕಾರಕ್ಕೆ ಮೇಣ ಕತ್ತರಿಸಿಹೋಗುತ್ತದೆ. ಆಮೇಲೆ ಆ ಹಾಳೆಯ ತಲೆಯೊಳಗಿನ ತೂತುಗಳನ್ನು ಯಂತ್ರದ ಉರುಳೆಯ ಗೂಟಗಳಿಗೆ ಸಿಕ್ಕಿಸಿ ಹಿಡಿಕೆ ತಿರುವಿದರೆ, ತಿರುವಿಗೊಂದು ಪ್ರತಿ ಬೀಳುತ್ತದೆ. ತಪ್ಪು ಹೊಡೆದರೆ ಕೆಂಪು ದ್ರವ ಸವರಿ, ಆರಿದ ಮೇಲೆ ಮತ್ತೆ ಹೊಡೆಯಬೇಕು. ಆ ದ್ರವದ ಘಾಟೇ ನಾನು ಸವಿತಾಳ ಅಂಗಡಿಯಲ್ಲಿ ಮೂಸಿದ್ದು.

ಆ ಚಳಿಗಾಲ ಕಟ್ಟೆಯ ಮೇಲೆ ಜಾಗ ಸಾಲುತ್ತಿರಲಿಲ್ಲ. ಹೊಲ ಉಳುವವರಿಗೇ ಹೊಲ ಅನ್ನುವ ಕಾಯ್ದೆ ಬಂದಿತ್ತು. ಮಾಲಕರ ಹೊಲವನ್ನು ಪಾಲಿಗೆ ಮಾಡುವವರು ಗೊತ್ತಾದ ನಮೂನೆಯೊಳಗೆ ಅರ್ಜಿ ಕೊಡಬೇಕು, ಅದೂ ಗೊತ್ತಾದ ದಿನದೊಳಗೆ. ನಮ್ಮಲ್ಲಿಗೆ ಬಂದಿದ್ದ ಅಚ್ಚಿನ ಫಾರ್ಮುಗಳು ಮುಗಿದುಹೋಗಿದ್ದವು. ಕೈಲೆ ಬರೆದ ಅರ್ಜಿ ತೆಗೆದುಕೊಳ್ಳಬಾರದು ಅಂತ ಹುಕುಮು. ಮೊದಲು ಕೆಲವರು ಕಾಲಂ ಬಿಟ್ಟು ಬರೆದು ಗೊಂದಲವಾಗಿತ್ತಂತೆ. ವಿಜಾಪುರದಿಂದ ಹೊಸ ಗಂಟು ಬರುತ್ತದೆ, ನಾಳೆ ಬರುತ್ತದೆ ಅನ್ನುತ್ತ ಹದಿನೈದು ದಿನ ಕಳೆದವು.

ದಿನಾ ಬಂದು ಕೂಡುವವರಲ್ಲಿ ಘೋಣಸಗಿಯ ಸಿದ್ದವ್ವ ಒಬ್ಬಳು. ಗಂಡ ತೀರಿಕೊಂಡು ಹದಿನಾರು ವರ್ಷ. ಆಗಿನಿಂದ ಅವನು ಮಾಡುತ್ತಿದ್ದ ಆರು ಎಕರೆ ಎರಿ ಹೊಲವನ್ನು ತಾನೇ ಪಾಲಿಗೆ ಮಾಡಿಕೊಂಡು ಬಂದವಳು. ಮಾಲಕರು ಪೇಟೆಯಲ್ಲಿದ್ದರು. ಎಂಟು ಮೈಲು ನಡೆದು ಬಂದು, ಕಟ್ಟೆಯ ತುದಿಗೆ ಕುಳಿತು, ಗಂಟು ಬಿಚ್ಚಿ ರೊಟ್ಟಿ ತಿಂದು, ಸಂಜೆಯಾಗುವ ಮೊದಲು ಎದ್ದು ಹೋಗುವಳು. ಒಂದು ದಿನವೂ ದನಿ ಎತ್ತಿದವಳಲ್ಲ.

"ಬಂತೇನ ತಂಗಿ ಹಾಳಿ?" ಅನ್ನುವಳು.

"ಇಲ್ಲ ಯವ್ವಾ."

"ಬರವಲ್ದ್ಯಾಕ, ಬರ್ತೈತಿ. ಹೊಲದಾಗ ನನ್ನ ಹೆಸರು ಐತಿ, ಹಾಳ್ಯಾಗ ಅಷ್ಟ ಬರೀಬೇಕಲ್ಲ. ಅದಕ್ಯಾನ ವರ್ಷ ಹಿಡೀತೈತಿ?"

ಕೊನೆಗೆ ಗಡುವು ಎಳ್ಳಮಾಸಿಯ ಮರುದಿನಕ್ಕೆ ಬಂದು ನಿಂತಿತು. ಆ ದಿನ ವಿಜಾಪುರದಿಂದ ಒಬ್ಬ ಸಾಹೇಬರು ತಿಕೋಟಾಕ್ಕೇ ಬಂದು ಕುಳಿತು ಅರ್ಜಿ ತೆಗೆದುಕೊಳ್ಳುವರು, ಸಂಜೆ ಐದರ ಮೇಲೆ ಒಂದು ಹಾಳೆಯನ್ನೂ ಮುಟ್ಟುವುದಿಲ್ಲ ಅಂತ ಸುದ್ದಿ. ಗಂಟು ಬಂದಿರಲೇ ಇಲ್ಲ.

"ನಾವ ಮಾಡಿದ್ರಾತರೀ," ಅಂದೆ ನಾನು ಬಸಲಿಂಗಪ್ಪನವರಿಗೆ. "ಅಚ್ಚಿನ ಫಾರ್ಮ ಒಂದು ಉಳದದ. ಅದನ್ನ ನೋಡಿ ಸ್ಟೆನ್ಸಿಲ್ ಹೊಡೀತೀನಿ. ಕಾಲಂ ಕಾಲಂ ಹಂಗ ಇಳಸ್ತೀನಿ."

"ಹೊಡದ ಮ್ಯಾಲೆ? ನಮ್ಮ ಯಂತ್ರ ರಿಪೇರಿಗೆ ಹೋಗ್ಯದಲ್ಲ ಕಾಶೀಬಾಯಿ! ಕಾರ್ಬನ್ ಇಟ್ಟು ಹೊಡೀತೀರೇನು?"

ಕಾರ್ಬನ್ ಇಟ್ಟರೆ ಮೂರನೆಯ ಪ್ರತಿಯೇ ಮಬ್ಬು. ಅಷ್ಟು ಕಾಲಮ್ಮಿನ ಫಾರ್ಮು ಒಮ್ಮೆ ಹೊಡೆಯಲು ಒಂದೂವರೆ ತಾಸು. ನಮಗೆ ಬೇಕಾದದ್ದು ಐವತ್ತು ಮಂದಿಗೆ ಎರಡೆರಡರಂತೆ ನೂರು.

"ಬಬಲೇಶ್ವರದ ಆಫೀಸಿನಾಗ ಯಂತ್ರ ಅದರೀ. ಅದನ್ನ ತಿರುವಾಕ ದಸ್ತಗೀರ ಚಾಚಾ ಅದಾರ. ನಾ ಹೋಗಿ ತಿರುವಿಸ್ಕೊಂಡು ಬರ್ತೀನಿ."

ಬಸಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಹೂಂ ಅಂದ ಹಾಗೆ. ಕಪಾಟಿನಲ್ಲಿ ಉಳಿದಿದ್ದ ಒಂದೇ ಒಂದು ಸ್ಟೆನ್ಸಿಲ್ ಹಾಳೆ ತೆಗೆದು ಕೊಟ್ಟರು. "ಇದೊಂದ ನೋಡ್ರಿ. ಹರೀಬ್ಯಾಡ್ರಿ."

ಆ ಮಧ್ಯಾಹ್ನವೆಲ್ಲ ಹೊಡೆದೆ. ನನ್ನ ಕೈ ಆಗ ಚಲೋ ಇತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಗೆರೆಗಳನ್ನು ಉಕ್ಕಿನ ಮೊನೆಯಿಂದ ಎಳೆದೆ. ನಾಲ್ಕು ಕಡೆ ತಪ್ಪಿತು, ನಾಲ್ಕು ಕಡೆ ಕೆಂಪು ದ್ರವ ಸವರಿ ಊದಿ ಊದಿ ಆರಿಸಿದೆ. ಹೊರಗೆ ಬಂದು ಕಟ್ಟೆಯ ಮೇಲಿದ್ದವರಿಗೆಲ್ಲ ಗಟ್ಟಿಯಾಗಿ ಹೇಳಿದೆ: "ನಾಡದ ಮುಂಜಾನೆ ಬರ್ರಿ. ಫಾರ್ಮು ನಾ ಕೊಡ್ತೀನಿ. ನನ್ನ ಮಾತು." ಸಿದ್ದವ್ವ ಸೆರಗಿನ ತುದಿ ಗಂಟು ಹಾಕಿದಳು. ಮಾತು ಮರೆಯಬಾರದೆಂದು ಅವಳು ಹಾಗೆ ಮಾಡುತ್ತಿದ್ದಳು. ನಾನು ಮರೆಯಬಾರದೆಂದೋ, ತಾನು ಮರೆಯಬಾರದೆಂದೋ, ಅದು ಇವತ್ತಿಗೂ ಗೊತ್ತಿಲ್ಲ.

ಮರುದಿನ ಎಳ್ಳಮಾಸಿ. ನಮ್ಮ ಕಡೆ ಅವತ್ತು ಊರೊಳಗೆ ಯಾರೂ ಉಳಿಯುವುದಿಲ್ಲ. ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ, ಪುಂಡಿ ಪಲ್ಯ, ಬದನೆಕಾಯಿ ಎಣಗಾಯಿ ಬುಟ್ಟಿಗೆ ತುಂಬಿ, ಚಕ್ಕಡಿ ಹೂಡಿ ಹೊಲಕ್ಕೆ ಹೋಗುತ್ತಾರೆ. ನಿಂತ ಬೆಳೆಯ ಸುತ್ತ ಎಡೆಯನ್ನು ಚೆಲ್ಲುತ್ತಾರೆ, ಅದೇ ಚರಗ. ನಾನು ಮಾತ್ರ ಸ್ಟೆನ್ಸಿಲ್ಲನ್ನು ಎರಡು ರಟ್ಟಿನ ನಡುವೆ ಇಟ್ಟು, ಸೀರೆಯ ಅಂಚು ಹರಿದು ಕಟ್ಟಿ, ಎದೆಗೆ ಅವಚಿಕೊಂಡು ಬಸ್ಸು ಹತ್ತಿದೆ. ಸಮೀಪದ ಊರಾದರೂ ನೇರ ಬಸ್ಸಿರಲಿಲ್ಲ. ವಿಜಾಪುರಕ್ಕೆ ಹೋಗಿ ಮತ್ತೊಂದು ಹಿಡಿಯಬೇಕು. ರಸ್ತೆಯ ಎರಡೂ ಬದಿಗೆ ಬಿಳಿಜೋಳ ಹೊಡೆ ಒಡೆದಿತ್ತು, ಕುಸುಬೆ ಮುಳ್ಳು ಮುಳ್ಳಾಗಿ ನಿಂತಿತ್ತು. ಹೊಲ ಹೊಲದಲ್ಲಿ ಹೊಸ ಸೀರೆಗಳು. ಬಸ್ಸಿನಲ್ಲಿ ನಾನು, ಕಂಡಕ್ಟರು, ಮತ್ತೊಬ್ಬ ಮುದುಕ.

ದಸ್ತಗೀರ ಚಾಚಾ, ಹಿಂದಿನ ಸಂಜೆ ಬಸ್ಸಿನವರ ಕೈಯಲ್ಲಿ ಕಳಿಸಿದ್ದ ನನ್ನ ಚೀಟಿ ನೋಡಿ, ಕಚೇರಿ ತೆರೆದು ಕುಳಿತಿದ್ದರು. ಐವತ್ತು ದಾಟಿದ ತೆಳ್ಳನ್ನ ಆಳು, ಖಾಕಿ ಅಂಗಿ, ಉಗುರ ಸಂದಿಯಲ್ಲಿ ಯಾವತ್ತೂ ಮಸಿ. ಬಬಲೇಶ್ವರದ ಆ ಯಂತ್ರಕ್ಕೆ ಅವರೇ ತಂದೆ, ಅವರೇ ವೈದ್ಯ.

"ನಿಮ್ಮನ್ನ ಹಬ್ಬದ ದಿನಾ ಕೂಡ್ಸಿದೆ ಚಾಚಾ."

"ನಮ್ದೂ ಹೊಲಾ ಅದ ಬೇಟಿ, ನಾವೂ ಚರಗಾ ಚೆಲ್ತೀವಿ. ಮಕ್ಕಳು ಹೋಗ್ಯಾರ. ನಿನ್ನ ಕೆಲಸಾ ಮುಗಿಸಿ ನಾನೂ ಹೋಗ್ತೀನಿ. ತಾ ಇಲ್ಲೆ."

ರಟ್ಟು ಬಿಚ್ಚಿದರು. ಹಾಳೆಯನ್ನು ಬೆಳಕಿಗೆ ಹಿಡಿದರು. ಅಕ್ಷರಗಳ ತೂತಿನಿಂದ ಬಿಸಿಲು ಇಣುಕಿತು. "ಶಾಬಾಸ್" ಅಂದರು. ಆಮೇಲೆ ಅದರ ತಲೆಗೆ ಬೆರಳು ತಂದರು, ಮುಖ ಸಣ್ಣದಾಯಿತು.

"ಇದು ನಮ್ಮ ಯಂತ್ರಕ್ಕ ಹೊಂದೂದಿಲ್ಲ ಬೇಟಿ."

ನಮ್ಮ ತಿಕೋಟಾದ್ದು ಒಂದು ಕಂಪನಿಯ ಯಂತ್ರ, ಇದು ಮತ್ತೊಂದರದು. ನಮ್ಮ ಸ್ಟೆನ್ಸಿಲ್ಲಿನ ತಲೆಯಲ್ಲಿ ಉದ್ದನ್ನ ಸೀಳಿನಂಥ ಮೂರು ತೂತು. ಅವರ ಉರುಳೆಯ ಮೇಲೆ ಸಾಲಾಗಿ ಎಂಟು ದುಂಡನ್ನ ಗೂಟ. ಎರಡು ವರ್ಷ ಸ್ಟೆನ್ಸಿಲ್ ಹೊಡೆದವಳು, ಬೇರೆ ಯಂತ್ರಕ್ಕೆ ಬೇರೆ ತಲೆ ಇರುತ್ತದೆ ಅನ್ನುವುದು ನನಗೆ ಹೊಳೆದಿರಲೇ ಇಲ್ಲ. ಯಾಕೆ ಹೊಳೆಯಬೇಕು? ನಾನು ನೋಡಿದ್ದು ಒಂದೇ ಯಂತ್ರ.

"ಹಂಗಾರ ನಿಮ್ಮ ಹೊಸಾ ಸ್ಟೆನ್ಸಿಲ್ ಒಂದು ಕೊಡ್ರಿ, ಇಲ್ಲೇ ಕುಂತು ಮತ್ತೊಮ್ಮೆ ಹೊಡೀತೀನಿ."

"ಕಪಾಟಿನಾಗ ಅದಾವ. ಕೀಲಿ ಕ್ಲಾರ್ಕರ ಉಡದಾರದಾಗ ಅದ. ಕ್ಲಾರ್ಕರು ಅವರ ಹೊಲದಾಗ ಅದಾರ. ಅವರ ಹೊಲಾ ಹೊಳಿ ಆಚಿಕಡೆ."

ವಿಜಾಪುರದ ಅಂಗಡಿಗಳು ಅಮಾವಾಸ್ಯೆಗೆ ಮುಚ್ಚಿದ್ದವು. ಬರುವಾಗ ನಾನೇ ನೋಡಿದ್ದೆ. ಇಲ್ಲಿ ನಾನೊಂದು ತಪ್ಪು ಮಾಡಿದೆ. ಚಾಚಾ ಬೇಡ ಬೇಡ ಅನ್ನುವಷ್ಟರಲ್ಲಿ ಹಾಳೆಯ ತಲೆಯನ್ನು ಗೂಟದ ಮೇಲಿಟ್ಟು ಹೆಬ್ಬೆರಳಿಂದ ಒತ್ತಿದೆ. ಎರಡು ಗೂಟ ಒಳಗೆ ಬಂದವು. ಮೂರನೆಯದಕ್ಕೆ ಪರ್ ಅಂತ ಹರಿಯಿತು. ತಲೆಪಟ್ಟಿ ಅರ್ಧಕ್ಕರ್ಧ ಕೈಗೆ ಬಂತು.

ಚಾಚಾ ನನ್ನನ್ನು ಬೈಯಲಿಲ್ಲ. ಯಂತ್ರದಿಂದ ಹಾಳೆ ಬಿಡಿಸಿ, ಮೇಜಿನ ಮೇಲೆ ಕೂಸಿನ ಹಾಗೆ ಮಲಗಿಸಿದರು.

"ಒತ್ತಿದ್ರ ಒಳಗ ಹೋಗೂದು ಬ್ಯಾರೆ, ಹೊಂದೂದು ಬ್ಯಾರೆ," ಅಂದರು. "ಅಕ್ಷರ ಹರದಿಲ್ಲ ನೋಡು. ಹೋಗಿದ್ದು ತಲಿ ಅಷ್ಟ. ತಲಿ ಬ್ಯಾರೆ ಕೂಡ್ಸೂಣಂತ."

"ಬ್ಯಾರೆ ತಲಿ ಎಲ್ಲಿ ತರೂದು ಚಾಚಾ?"

ಅವರು ಹಿತ್ತಿಲ ಬಾಗಿಲು ತೆರೆದರು. ನನಗೆ ನಗು ಬಂತು, ಆ ಹೊತ್ತಿನಲ್ಲೂ. ಹಿತ್ತಿಲಲ್ಲಿ ಹಗ್ಗ ಕಟ್ಟಿ ಮೂವತ್ತು ನಲವತ್ತು ಹಳೆಯ ಸ್ಟೆನ್ಸಿಲ್ಲುಗಳನ್ನು ಒಗೆದ ಬಟ್ಟೆಯ ಹಾಗೆ ಒಣಹಾಕಿದ್ದರು. ಬಳಸಿದ್ದನ್ನು ಎಲ್ಲರೂ ಒಲೆಗೆ ಹಾಕುತ್ತಿದ್ದರು. ಚಾಚಾ ಮಾತ್ರ ಸೀಮೆಎಣ್ಣೆಯಲ್ಲಿ ಮಸಿ ತೊಳೆದು ಇಡುತ್ತಿದ್ದರು. ಯಾಕೆ ಅಂತ ಕೇಳಿದವರಿಗೆ "ಇರ್ಲಿ" ಅನ್ನುತ್ತಿದ್ದರಂತೆ.

ತಲೆ ಗಟ್ಟಿ ಇದ್ದದ್ದೊಂದನ್ನು ಆರಿಸಿದರು. ಕುರಿಗಳಿಗೆ ಚುಚ್ಚುಮದ್ದು ಹಾಕಿಸುವ ನೋಟೀಸು ಅದು. ಅದರ ಮೊದಲ ಸಾಲು ತಲೆಗೆ ತೀರಾ ಹತ್ತಿರವಿತ್ತು.

"ಸಾಲು ಬಿಟ್ಟು ಮ್ಯಾಲೆ ಕತ್ತರಸ್ರಿ ಚಾಚಾ, ಇಲ್ಲಂದ್ರ ಕುರಿ ಮೂಡ್ತಾವ."

"ಸಾಲಿನ ಮ್ಯಾಲೆ ಕತ್ತರಿಸಿದ್ರ ಹಚ್ಚಾಕ ಜಾಗಾನ ಉಳಿಯೂದಿಲ್ಲ. ಹಿಡಿಕಿ ನಾಕು ಸಲಾ ತಿರುವೂದ್ರಾಗ ತಲಿ ಒಂದು ಕಡೆ, ಮೈ ಒಂದು ಕಡೆ. ಕುರಿ ಇರ್ಲಿ. ಆಮ್ಯಾಲೆ ಮುಚ್ಚೂಣು."

ಕುರಿಯ ಸಾಲು ಉಳಿಸಿಯೇ ಕತ್ತರಿಸಿದರು. ನನ್ನ ಹಾಳೆಯ ಹರಿದ ತಲೆಯನ್ನು ನೇರವಾಗಿ ಕತ್ತರಿಸಿ ತೆಗೆದರು. ಕುರಿಯ ಸಾಲಿನ ಕೆಳಗೆ ಒಂದರ ಮೇಲೊಂದು ಎರಡು ಬೆರಳಿನಷ್ಟು ಕೂಡಿಸಿ, ಕೆಂಪು ದ್ರವ ಸವರಿದೆವು. ಮೇಣಕ್ಕೆ ಮೇಣ ಅಂಟಿತು. ಆರುವ ತನಕ ಚಾಚಾ ತಮ್ಮ ಬುತ್ತಿ ಬಿಚ್ಚಿದರು. ಸಜ್ಜೆ ರೊಟ್ಟಿ, ಗುರೆಳ್ಳು ಹಿಂಡಿ. ಮಸಿಗೈಯಲ್ಲೇ ಮುರಿದು ಕೊಟ್ಟರು, ತಿಂದೆ.

ಕುರಿಯ ಸಾಲು ಮುಚ್ಚಲು ಶೀಶೆಯಲ್ಲಿ ದ್ರವ ಉಳಿದಿರಲಿಲ್ಲ. ಕಾಗದದ ಪಟ್ಟಿ ಹಚ್ಚಿದೆವು. ಮೊದಲ ಇಪ್ಪತ್ತು ಪ್ರತಿ ಕನ್ನಡಿಯ ಹಾಗೆ ಬಂದವು. ಇಪ್ಪತ್ತೊಂದನೆಯದಕ್ಕೆ ಪಟ್ಟಿ ಮಸಿ ಕುಡಿದು ಜಾರಿಬಿತ್ತು. ಮತ್ತೆ ಹಚ್ಚೋಣ ಅಂದರೆ ಚಾಚಾ ಕೈ ಹಿಡಿದರು. ಇನ್ನೊಮ್ಮೆ ಬಿಚ್ಚಿ ಕಟ್ಟಿದರೆ ಬೆಸುಗೆ ತಡೆಯದು. ಉಳಿದ ಎಂಬತ್ತು ಹಾಳೆಗಳ ನೆತ್ತಿಯ ಮೇಲೆ ಕಪ್ಪಗೆ ಸ್ಪಷ್ಟವಾಗಿ ಮೂಡಿತು: 'ಕುರಿಗಳನ್ನು ಮುಂಜಾನೆ ಏಳು ಗಂಟೆಗೆ ತಪ್ಪದೆ ತರತಕ್ಕದ್ದು.' ಅದರ ಕೆಳಗೆ ಹೊಲದ ಅರ್ಜಿ.

"ಚಾಚಾ, ಇದನ್ನ ತಗೋತಾರೇನ್ರಿ?"

"ಕೆಳಗಿಂದೆಲ್ಲಾ ಬರೋಬರಿ ಅದನೋ ಇಲ್ಲೋ?"

"ಬರೋಬರಿ ಅದ."

"ಮತ್ತ? ಅಂಜಿ ಕೊಟ್ರ ತಗೊಳ್ಳೂದಿಲ್ಲ. ನೆಟ್ಟಗ ನಿಂತು ಕೊಡು."

ಮರುದಿನ ಬಸಲಿಂಗಪ್ಪನವರು ಹಾಳೆ ನೋಡಿ ಮೂರು ಸಲ ಕನ್ನಡಕ ಒರೆಸಿದರು. "ಕುರೀ? ಕುರಿ ಯಾಕ ಬಂದಾವ್ರೀ ಇದರಾಗ? ಸಾಹೇಬರು ನನ್ನ ನೌಕರಿ ತಗೀತಾರ!" ನಾನು ನಡೆದದ್ದನ್ನೆಲ್ಲ ಹೇಳಿದೆ. ಕಟ್ಟೆಯ ಮೇಲೆ ಕುಳಿತು ಒಬ್ಬೊಬ್ಬರದೇ ತುಂಬಿಸಿದೆ. ಮೊದಲು ಬಂದ ಹತ್ತು ಮಂದಿಗೆ ಕುರಿಯಿಲ್ಲದ ಹಾಳೆ ಹೋದವು. ಸಿದ್ದವ್ವನದು ಹನ್ನೊಂದನೆಯ ಪಾಳಿ. ಎಂಟು ಮೈಲು ನಡೆದು ಬಂದವಳು, ಬಸ್ಸಿನವರಿಗಿಂತ ಹಿಂದಾಗಿದ್ದಳು.

ಸಾಹೇಬರು ನಲವತ್ತರ ಆಸುಪಾಸಿನವರು, ಮಾತು ಕಡಿಮೆ. ಹತ್ತು ಅರ್ಜಿ ಸರಸರ ಹೋದವು. ಹನ್ನೊಂದನೆಯದಕ್ಕೆ ಅವರ ಕೈ ನಿಂತಿತು. ಹಿಂದೆ ನಿಂತಿದ್ದ ಮೂವತ್ತೊಂಬತ್ತು ಮಂದಿಯೂ ಕತ್ತು ಎತ್ತಿ ನೋಡಿದರು. ಇವಳದು ಬಿದ್ದರೆ ಎಲ್ಲರದೂ ಬಿದ್ದಂತೆ ಅಂತ ನನಗೆ ಗೊತ್ತಿತ್ತು.

"ಏನಿದು?"

ನಾನು ನೆಟ್ಟಗೆ ನಿಂತೆ. ಅಚ್ಚಿನ ಮೂಲ ಫಾರ್ಮನ್ನು ಅದರ ಬದಿಗಿಟ್ಟೆ. "ಸ್ಟೆನ್ಸಿಲ್ಲಿನ ತಲಿ ಬ್ಯಾರೆ ಯಂತ್ರದ್ದು ಕೂಡ್ಸೀವ್ರಿ ಸಾಹೇಬರ. ಅದಕ್ಕ ಮ್ಯಾಲಿನ ಸಾಲು ಹೆಚ್ಚಿಗಿ ಬಂದದ. ಕೆಳಗ ನಮೂನಿ ಅಕ್ಷರಕ್ಕ ಅಕ್ಷರ ಹಂಗ ಐತಿ. ಒಂದೊಂದ ಕಾಲಂ ತಾಳೆ ನೋಡ್ರಿ. ಒಂದು ತಪ್ಪಿದ್ರೂ ಎಲ್ಲಾ ಹರದ ಒಗೀರಿ."

ಅವರು ನಿಜಕ್ಕೂ ತಾಳೆ ನೋಡಿದರು. ಪೆನ್ನಿನ ತುದಿ ಕಾಲಮ್ಮಿಂದ ಕಾಲಮ್ಮಿಗೆ ಇಳಿಯಿತು. ಸಿದ್ದವ್ವ ಆ ಪೆನ್ನನ್ನೇ ನೋಡುತ್ತಿದ್ದಳು. ಕೊನೆಯ ಕಾಲಂ ಮುಗಿಸಿ ತಲೆ ಎತ್ತಿದರು.

"ನಮೂನಿ ಬರೋಬರಿ ಅದ," ಅಂದರು. "ಕುರಿ ಅಷ್ಟ ಹೆಚ್ಚಿಗಿ ಅದಾವ." ತುಟಿಯ ತುದಿಗೆ ನಗು ಬಂದ ಹಾಗಿತ್ತು. ಆಮೇಲೆ ಸಿದ್ದವ್ವನ ಕಡೆ ತಿರುಗಿ, "ಏನವಾ, ಕುರಿ ತಂದೀಯೇನು?" ಅಂತ ಚೇಷ್ಟೆ ಮಾಡಿದರು.

ಸಿದ್ದವ್ವನಿಗೆ ಓದು ಬಾರದು. ಕುರಿಯ ಸಾಲಿನ ಕತೆ ಅವಳಿಗೆ ಯಾರೂ ಹೇಳಿರಲಿಲ್ಲ. ಕಾಲಮ್ಮಿನಲ್ಲಿ ಕುರಿಯದೂ ಒಂದು ಪ್ರಶ್ನೆ ಇರಬೇಕು ಅಂದುಕೊಂಡಳು.

"ನನ್ನುವಲ್ರಿ ಯಪ್ಪಾ. ಬಿಜ್ಜರಗಿ ಮಾಳಪ್ಪನವು. ವರ್ಷಾ ಸುಗ್ಗಿ ಆದ ಮ್ಯಾಲೆ ನಮ್ಮ ಹೊಲದಾಗ ಕೂಡ್ಸತಾನ. ಹಿಕ್ಕಿ ಗೊಬ್ಬರಾ ಆಗತಾವಲ್ರಿ. ಒಂದೊಪ್ಪತ್ತು ಕೂಡ್ಸಿದ್ದಕ್ಕ ಎರಡು ಸೇರು ಜ್ವಾಳಾ ಕೊಡತೇನಿ."

ಸಾಹೇಬರ ನಗು ನಿಂತಿತು. "ಜ್ವಾಳಾ ಯಾರು ಕೊಡ್ತಾರ? ಮಾಲಕರೋ, ನೀನೋ?"

"ನಾನರಿ. ಅವರ್ಯಾಕ ಕೊಟ್ಟಾರು? ಅವರು ಆ ಹೊಲದ ದಾರಿ ಮರತು ಎಷ್ಟ ವರ್ಷಾತೋ. ಗೊಬ್ಬರಾ ಹಾಕೂದು ನಾ, ಬಿತ್ತೂದು ನಾ, ಚರಗಾ ಚೆಲ್ಲೂದು ನಾ. ನಿನ್ನೀನೂ ಚೆಲ್ಲೇನಿ."

"ಮಾಳಪ್ಪ ಬಂದು ಹೇಳ್ತಾನ?"

"ಹೇಳದ ಏನ್ರಿ, ಹದಿನಾರು ವರ್ಷ ನನ್ನ ಜ್ವಾಳಾ ತಿಂದಾನ!"

ಕಟ್ಟೆಯ ತುಂಬ ನಗು. ಸಾಹೇಬರು ಅರ್ಜಿಯ ಅಂಚಿಗೆ ಏನೋ ಬರೆದುಕೊಂಡರು. ಸಾಕ್ಷಿ, ಬಿಜ್ಜರಗಿಯ ಮಾಳಪ್ಪ ಅಂತ ಬರೆದದ್ದು ಆಮೇಲೆ ನೋಡಿದೆ. ಬರೆದು, ಶಿಕ್ಕೆ ಎತ್ತಿ ಧಡ್ ಅಂತ ಒತ್ತಿದರು. ಎರಡನೆಯ ಪ್ರತಿಗೂ ಒತ್ತಿ ಅವಳ ಕೈಗೆ ಕೊಟ್ಟರು. ಬೆನ್ನಿಗೇ ಉಳಿದವರದೂ ಹೋದವು, ಕುರಿ ಕುರಿ ಕುರಿ. ಐದಕ್ಕೆ ಹತ್ತು ನಿಮಿಷ ಇರುವಾಗ ಕಟ್ಟೆ ಖಾಲಿಯಾಯಿತು. ಬಸಲಿಂಗಪ್ಪನವರು ಕನ್ನಡಕ ಒರೆಸುವುದನ್ನು ಬಿಟ್ಟು ಚಹಾ ತರಿಸಿದರು.

ಇದನ್ನೆಲ್ಲ ಸವಿತಾಳಿಗೆ ಹೇಳುವಷ್ಟರಲ್ಲಿ ಅವಳ ಉಗುರು ಆರಿದ್ದವು. "ಒತ್ತಬ್ಯಾಡ ಮಗಳ," ಅಂದೆ. "ಅವರಿಗೆ ಫೋನ್ ಮಾಡು. ಅವರ ಬರಹಕ್ಕ ಯಾವ ತಲಿ ಐತಿ ಅದನ್ನೂ ಕಳಸು ಅನ್ನು." ಅವಳು ಫೋನ್ ಹಚ್ಚಿ ಏನೋ ಫಾಂಟ್ ಅಂತ ಕೇಳಿದಳು. ಸಂಜೆಯ ಹೊತ್ತಿಗೆ ಅದೂ ಬಂತು. ಚೌಕಗಳೆಲ್ಲ ಒಂದೇ ಸಲಕ್ಕೆ ಅಕ್ಷರವಾದವು, ಯಾರದೋ ಲಗ್ನದ ಮುಹೂರ್ತ ಪರದೆಯ ಮೇಲೆ ನಿಂತಿತು.

ಸಿದ್ದವ್ವನ ಹೊಲ ಅವಳ ಹೆಸರಿಗೆ ಬರಲು ಎರಡು ವರ್ಷ ಹಿಡಿಯಿತು. ವಿಚಾರಣೆಗೆ ಮಾಳಪ್ಪ ಕಂಬಳಿ ಹೊದ್ದೇ ಬಂದು, ಕೇಳಿದ್ದಕ್ಕಿಂತ ಹೆಚ್ಚು ಹೇಳಿದನಂತೆ. ಆ ಸಲದ ಎಳ್ಳಮಾಸಿಗೆ ಸಿದ್ದವ್ವ ನನ್ನನ್ನೂ ದಸ್ತಗೀರ ಚಾಚಾನನ್ನೂ ಹೊಲಕ್ಕೆ ಕರೆಸಿದಳು. ಬಿಳಿಜೋಳ ಎದೆಮಟ್ಟ ನಿಂತಿತ್ತು. ಹುಲ್ಲುಲ್ಲಿಗೋ ಅನ್ನುತ್ತ ಹೊಲದ ಸುತ್ತ ಚರಗ ಚೆಲ್ಲಿ ಬಂದು, ಊಟಕ್ಕೆ ಕೂಡುವ ಮೊದಲು ಕುಪ್ಪಸದೊಳಗಿಂದ ಮಡಿಚಿದ ಹಾಳೆ ತೆಗೆದಳು. ಶಿಕ್ಕೆ ಬಿದ್ದ ಆ ಪ್ರತಿ.

"ಇದನ್ನ ಹೊಲಕ್ಕ ಒಮ್ಮಿ ಓದಿ ಕೇಳ್ಸು ತಂಗಿ. ಮ್ಯಾಲಿಂದ ಓದು, ಏನೂ ಬಿಡಬ್ಯಾಡ."

ನಾನು ಎದ್ದು ನಿಂತು ಗಟ್ಟಿಯಾಗಿ ಓದಿದೆ: "ಕುರಿಗಳನ್ನು ಮುಂಜಾನೆ ಏಳು ಗಂಟೆಗೆ ತಪ್ಪದೆ ತರತಕ್ಕದ್ದು."

ಚಾಚಾ ನಗು ತಡೆಯಲಾರದೆ ರೊಟ್ಟಿ ಕೆಳಗಿಟ್ಟರು. ಸಿದ್ದವ್ವ ನಗಲಿಲ್ಲ. ಬದುವಿನಾಚೆ, ಶೇಂಗಾ ಕಿತ್ತ ಪಟ್ಟಿಯಲ್ಲಿ ಮಾಳಪ್ಪನ ಹಿಂಡು ಮಲಗಿತ್ತು. ಅತ್ತ ಕೈ ತೋರಿಸಿ ಹೇಳಿದಳು:

"ಏಳಕ್ಕ ತರಿಸೇನಿ. ಮುಂದಿಂದ ಓದು."